ಮಾಗಡಿ ಒಲೆಯ ಮೇಲಿತ್ತು

ಕರಕ್, ಕರಕ್, ಆಮೇಲೆ ಉಫ್. ಅಪ್ಪ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದು, ಉದುರಿದ ಪುಡಿಯನ್ನು ಊದುತ್ತಿದ್ದ ಸದ್ದು ಅದು. ಇವತ್ತು ಬೆಳಿಗ್ಗೆ ಪೇಂಟರು ಬಂದು ನನ್ನ ರೂಮಿನ ಗೋಡೆಗೆ ಸ್ಯಾಂಡ್‌ಪೇಪರ್ ಉಜ್ಜತೊಡಗಿದಾಗ ಥೇಟ್ ಅದೇ ಕೇಳಿಸಿತು. "ಒಂದು ನಿಮಿಷ ನಿಲ್ಲಿಸಪ್ಪ" ಅಂದೆ. ಅಜ್ಜಿಗೆ ಧೂಳು ಆಗುವುದಿಲ್ಲವೇನೋ ಅಂತ ಅವನು ಕಿಟಕಿ ತೆಗೆದ. ಇರಲಿ. ಈ ವಯಸ್ಸಿನಲ್ಲಿ ಎಲ್ಲವನ್ನೂ ಎಕ್ಸ್‌ಪ್ಲೇನ್ ಮಾಡುತ್ತಾ ಕೂತರೆ ಊಟದ ಹೊತ್ತು ಮೀರುತ್ತದೆ.

ಅಪ್ಪ ಮೈಸೂರು ಸರ್ಕಾರದ ಇಂಜಿನಿಯರು. ನಾವಿದ್ದದ್ದು ಚನ್ನಪಟ್ಟಣದಲ್ಲಿ. ಸುತ್ತಿನ ಕೆರೆಗಳೆಲ್ಲ ಅವರ ಪಾಲಿಗೆ: ಈಗ ನೀವು ರಾಮನಗರ ಅನ್ನುವ ಕ್ಲೋಸ್‌ಪೇಟೆ, ಕನಕಪುರ ಅನ್ನುವ ಕಾನಕಾನಹಳ್ಳಿ, ಅತ್ತ ಮಾಗಡಿ. ಕೆರೆಗಳ ನಕ್ಷೆಗಳು ಆಫೀಸಿನ ಬೀರುವಿನಲ್ಲಿ ಇರಬೇಕಾದದ್ದು ರೂಲು. ಒಂದು ಮಳೆಗಾಲ ಬೀರು ತೆಗೆದಾಗ ಗೆದ್ದಲು ಸೋಲೂರು ಹೋಬಳಿಯನ್ನು ಪೂರ್ತಿ ತಿಂದಿತ್ತು. ಪಕ್ಕದ ಹೋಬಳಿಯನ್ನು ಮುಟ್ಟಿರಲಿಲ್ಲ. ಅಂದಿನಿಂದ ಅಪ್ಪನಿಗೆ ಕಾಗದದ ಮೇಲೆ ನಂಬಿಕೆ ಹೋಯಿತು. ಕ್ಯಾಂಪಿನಿಂದ ಬಂದವರು ಬೂಟು ಬಿಚ್ಚುವ ಮೊದಲೇ ಗೋಡೆಗೆ ಬರೆಯತೊಡಗಿದರು. ಯಾವ ಕೆರೆಗೆ ಎಷ್ಟು ಹೂಳು, ಯಾವ ಊರಿನ ಕಲ್ಲು ಗಟ್ಟಿ, ಯಾವ ಏರಿಯಲ್ಲಿ ಇಲಿ ಬಿಲ.

ಹಾಲಿನ ಗೋಡೆ ಚನ್ನಪಟ್ಟಣ. ಮಲಗುವ ಕೋಣೆ ಕ್ಲೋಸ್‌ಪೇಟೆ. ಊಟದ ಮನೆ ಕಾನಕಾನಹಳ್ಳಿ. ಅಡಿಗೆಮನೆ ಮಾಗಡಿ. ಮನೆಯವರೆಲ್ಲ ಈ ಭೂಗೋಳಕ್ಕೆ ಹೊಂದಿಕೊಂಡೆವು. "ಉಪ್ಪಿನಕಾಯಿ ಜಾಡಿ ಕೋಡಿಹಳ್ಳಿ ಕೆಳಗಿದೆ ನೋಡೇ" ಅನ್ನುತ್ತಿದ್ದರು ಅಮ್ಮ. ನಾನು ಬೆಂಗಳೂರಿನ ಕಾನ್ವೆಂಟಿಗೆ ಸೇರಿದ ಹೊಸದರಲ್ಲಿ ಜಾಗ್ರಫಿ ಕ್ಲಾಸಿನ ಸಿಸ್ಟರ್ "ವೇರ್ ಈಸ್ ಮಾಗಡಿ?" ಅಂದಾಗ ನಾನು "ಅಬವ್ ದಿ ಸ್ಟವ್, ಸಿಸ್ಟರ್" ಅಂದೆ. ಆ ಸಂಜೆ ನನ್ನನ್ನು ಡಾಕ್ಟರಿಗೆ ತೋರಿಸಿದರು.

ರಜಕ್ಕೆ ಬಂದಾಗಲೆಲ್ಲ ಅಪ್ಪ ನನ್ನನ್ನು ಊಟದ ಮನೆಯಲ್ಲಿ, ಕೋಡಿಹಳ್ಳಿ ಕೆರೆಯ ಪಕ್ಕ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸುತ್ತಿದ್ದರು. ತಲೆಯ ಮೇಲೆ ಅಂಗೈ ಇಟ್ಟು ಒಂದು ಗೆರೆ. ಕರಕ್, ಉಫ್. "ಇನ್ನೂ ತುಂಬಿಲ್ಲ" ಅಂತ ವರದಿ.

ಅಕ್ಕನನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬರುತ್ತಾರೆ ಅಂದಾಗ ಅಮ್ಮ ಸುಣ್ಣ ಹೊಡೆಸಬೇಕು ಅಂದರು.

"ಅದೆಲ್ಲ ಇನ್‌ಫರ್ಮೇಷನ್ ಕಣೇ" ಅಂದರು ಅಪ್ಪ.

"ಬಂದವರ ಕಣ್ಣಿಗೆ ಅದು ಗೀಚು ಕಣ್ರೀ. ಹುಡುಗಿ ತಂದೆಗೆ ಬುದ್ಧಿ ಸರಿಯಿಲ್ಲ ಅಂದ್ಕೊಂಡ್ರೆ ಏನ್ಮಾಡ್ತೀರಿ?"

ಅಪ್ಪ ಒಪ್ಪಿದರು. ರಜಕ್ಕೆ ಬಂದಿದ್ದ ನಾನು ಗೋಡೆ ಓದಿದೆ, ಅವರು ಹಾಳೆಗಳ ಮೇಲೆ ಇಳಿಸಿಕೊಂಡರು. ದಪ್ಪನೆಯ ಕಟ್ಟಾಯಿತು. ಆಮೇಲೆ ನಾಲ್ಕು ತಾಲ್ಲೂಕುಗಳ ಮೇಲೆ ಬೆಳ್ಳಗೆ ಸುಣ್ಣ ಬಿತ್ತು.

ನೋಡುವ ದಿನ ಬೆಳಗಿನಿಂದ ಮಳೆ. ಗಂಡಿನ ತಾಯಿ ಹಾಲಿನ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಇನ್ನೇನು ಸಜ್ಜಿಗೆ ತಟ್ಟೆ ಹಿಡಿದು ಬರಬೇಕು, ಅಷ್ಟರಲ್ಲಿ ಓವರ್‌ಸಿಯರ್ ನಂಜೇಗೌಡರು ಬಾಗಿಲಲ್ಲಿ. ಮೊಣಕಾಲ ತನಕ ಕೆಸರು.

"ಸ್ವಾಮಿ, ವಿರೂಪಾಕ್ಷಿಪುರದ್ ಕೆರೆ ತೂಬು ಕಚ್ಕೊಂಬುಟ್ಟೈತೆ. ಕೋಡಿಲಿ ಹೋಗೋ ನೀರು ಸಾಲ್ತಿಲ್ಲ. ಕತ್ತಲಾಗೋದ್ರೊಳ್ಗೆ ಒಸಿ ಇಳಿಸ್ದಿದ್ರೆ ಏರಿ ಹೊಂಟೋಯ್ತದೆ. ಕೆಳ್ಗೆ ಊರೈತೆ. ಹಳೇ ತೂಬೊಂದು ಮುಚ್ಚೋಗೈತೆ ಅಂದಿದ್ರಲ್ಲ, ಎಲ್ಲಿ ಅದು?"

ಕೆರೆಯ ನೀರು ಹೊರಗೆ ಬಿಡುವ ಆ ಹಳೇ ತೂಬನ್ನು ಅಪ್ಪನಿಗೆ ತೋರಿಸಿದ್ದ ಮುದುಕ ತೀರಿಕೊಂಡಿದ್ದ. ಅಪ್ಪ ಕಟ್ಟು ಬಿಚ್ಚಿ ಹಾಳೆ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಎಲ್ಲ ಅದರಲ್ಲೇ ಇತ್ತು, ಸಿಕ್ಕುತ್ತಿರಲಿಲ್ಲ ಅಷ್ಟೆ. ಕಟ್ಟನ್ನು ಕೆಳಗಿಟ್ಟು, ಬೀಗಿತ್ತಿಯಾಗಬೇಕಾದವರ ಮುಂದೆ ಬಂದು ನಿಂತರು.

"ಅಮ್ಮಾ, ದಯವಿಟ್ಟು ಸ್ವಲ್ಪ ಆ ಕಡೆ ಸರೀತೀರಾ?"

"ಯಾಕೆ?"

"ನೀವು ವಿರೂಪಾಕ್ಷಿಪುರಕ್ಕೆ ಒರಗಿದ್ದೀರಿ."

ಆಕೆ ತಿರುಗಿ ನೋಡಿದರು. ಬಿಳೀ ಗೋಡೆ. ಸ್ವಲ್ಪ ಬಿಳುಪು ಅವರ ರೇಷ್ಮೆ ಸೀರೆಯ ಬೆನ್ನಿಗೂ ಹತ್ತಿತ್ತು. ಸರಿದರು. ಅಪ್ಪ ದೀಪದ ಗೂಡಿನಿಂದ ಕೆಳಕ್ಕೆ ಒಂದು ಗೇಣು ಅಳೆದು, ಅಲ್ಲಿ ಬೆರಳಿಟ್ಟು, ಕಣ್ಣು ಕಿರಿದು ಮಾಡಿ ಓದಿದರು.

"ಏರಿ ಮೇಲೆ ಮಾಸ್ತಿಕಲ್ಲಿದೆಯಲ್ಲ, ಅಲ್ಲಿಂದ ಕೋಡಿ ಕಡೆಗೆ ನಲವತ್ತು ಗಜ. ಹೊರಮಗ್ಗುಲು, ಬುಡದಲ್ಲಿ ಅಗೆಸಿ. ಬಾಯಿಗೆ ಚಪ್ಪಡಿ ಮುಚ್ಚಿದೆ. ಪೂರ್ತಿ ತೆಗೀಬೇಡಿ, ಒಂದಿಷ್ಟು ಸರಿಸಿ."

ನಂಜೇಗೌಡರೂ ಖಾಲಿ ಗೋಡೆಯನ್ನೇ ನೋಡಿ ತಲೆಯಾಡಿಸಿದರು. "ಸರಿಯಾಗೈತೆ, ಸ್ವಾಮಿ." ಅಪ್ಪ ಕೊಡೆ ತೆಗೆದುಕೊಂಡು ಅವರ ಜೊತೆಯಲ್ಲೇ ಹೊರಟುಹೋದರು. ನಮಸ್ಕಾರ ಹೇಳಲೂ ಇಲ್ಲ.

ಗಂಡಿನ ತಾಯಿ ಕೇಳಿದರು: "ನಿಮ್ಮ ಯಜಮಾನ್ರು ಗೋಡೆ ಓದೋದು ಯಾವಾಗಿನಿಂದ?"

"ಗೆದ್ದಲು ಬಂದಾಗಿನಿಂದ" ಅಂದರು ಅಮ್ಮ. "ಇನ್ನೊಂದು ಚೂರು ಸಜ್ಜಿಗೆ ಹಾಕಿಸ್ಕೊಳ್ಳಿ."

ಏರಿ ಉಳಿಯಿತು. ಸಂಬಂಧ ಉಳಿಯಲಿಲ್ಲ. ಅಕ್ಕನಿಗೆ ಮುಂದೆ ಇನ್ನೂ ಒಳ್ಳೆಯ ಕಡೆಯೇ ಆಯಿತು. ಆದರೂ ಕೊನೆಯವರೆಗೆ ಆ ಕೆರೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು, ತನ್ನನ್ನು ಬೇಡ ಅಂದದ್ದು ಕೆರೆಯೇ ಏನೋ ಅನ್ನುವ ಹಾಗೆ.

ಮಾರನೆಯ ದಿನ ಅಪ್ಪ ಹೊಸ ಸುಣ್ಣದ ಮೇಲೆ ಮೊದಲು ವಿರೂಪಾಕ್ಷಿಪುರವನ್ನು ಬರೆದರು. ಅಮ್ಮ ಬಂದು ನೋಡಿ, "ಮಾಗಡಿ ಮಾತ್ರ ನಾಳೆ ಬರೀರಿ. ಅಲ್ಲಿನ್ನೂ ಸುಣ್ಣ ಆರಿಲ್ಲ" ಅಂದರು. ಊಟದ ಮನೆಯಲ್ಲಿ ನನ್ನ ಗೆರೆಗಳೂ ಮತ್ತೆ ಬಂದವು, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ. ಅಳೆಯಲು ನನ್ನನ್ನು ಕರೆಯಲೂ ಇಲ್ಲ.

ಪೇಂಟರು ಮತ್ತೆ ಕೇಳುತ್ತಿದ್ದಾನೆ, ಶುರು ಮಾಡಲಾ ಅಂತ. ಈಚೆಗೆ ಹೆಸರುಗಳು ನನ್ನಿಂದಲೂ ಜಾರತೊಡಗಿವೆ. ಮೊನ್ನೆ ಮೊಮ್ಮಗಳನ್ನು ಅವಳ ತಾಯಿಯ ಹೆಸರಿನಿಂದ ಕರೆದೆ. ಬಾಗಿಲ ಪಕ್ಕದಲ್ಲಿ ಒಂದು ಮೊಳ ಗೋಡೆಯನ್ನು ಹಾಗೇ ಬಿಡು ಅಂದೆ.

"ಅಲ್ಲೇನೈತಜ್ಜಿ?"

"ಏನೂ ಇಲ್ಲ. ಬೇಕಾಗುತ್ತೆ."

ಅಪ್ಪನನ್ನು ನಾನು ಕೊನೆಯ ಸಲ ಕಂಡದ್ದು ಮೈಸೂರಿನಲ್ಲಿ, ಅಣ್ಣನ ಮನೆಯಲ್ಲಿ. ಅಮ್ಮ ಹೋಗಿ ವರ್ಷಗಳಾಗಿದ್ದವು. ಆ ಮನೆಯ ಗೋಡೆಗಳಿಗೆಲ್ಲ ನುಣ್ಣನೆಯ ಬಣ್ಣ. ಅಪ್ಪನಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ನನ್ನನ್ನು ಕಂಡು ಆಫೀಸಿಗೆ ಬಂದವರನ್ನು ಕೂರಿಸುವ ಹಾಗೆ, "ಕೂತ್ಕೊಳ್ಳಿ, ತಾವು ಯಾರು ಅಂತ ಗೊತ್ತಾಗಲಿಲ್ಲ" ಅಂದರು. ಹೆಸರು ಹೇಳಿದೆ. "ಸಂತೋಷ" ಅಂದರು. ನಾನು ಎದ್ದೆ. ಮೂರು ಮಕ್ಕಳ ತಾಯಿ, ಊಟದ ಮನೆಗೆ ಹೋಗಿ ಹಿಮ್ಮಡಿ ಗೋಡೆಗೆ ತಾಗಿಸಿ, ಗದ್ದ ನೆಟ್ಟಗೆ ಮಾಡಿ ನಿಂತೆ. ಅಪ್ಪ ಕೂತಲ್ಲಿಂದಲೇ ಬಾಗಿಲಿನಾಚೆ ನನ್ನನ್ನು ನೋಡಿದರು. ನಿಧಾನವಾಗಿ ಎದ್ದು ಬಂದು ನನ್ನ ತಲೆಯ ಮೇಲೆ ಅಂಗೈ ಇಟ್ಟರು.

"ಕೋಡಿಹಳ್ಳಿ ಪಕ್ಕ" ಅಂದರು. "ಯಾವಾಗ ಬಂದೆ, ಮಗು? ರಜ ಎಷ್ಟು ದಿನ?"

ಆಮೇಲೆ ಅಣ್ಣನ ಹೊಸ ಬಣ್ಣದ ಮೇಲೆ ಉಗುರಿನಿಂದ ಒಂದು ಗೆರೆ ಎಳೆದು, ಉಫ್ ಎಂದು ಊದಿದರು.