ಅಕ್ಕಿಯಲ್ಲಿ ಬರೆದ ಹೆಸರು

ದಾಳಿಂಬ ಎಂಬ ಊರಿನ ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ತಾಟು ಇದೆ. ದಿನಾ ಅವ್ವ ಅದರಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾಳೆ. ಮದುವೆಯ ದಿನ ಅದೇ ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಬಂಗಾರದ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನಮ್ಮ ಕಡೆ ಮದುವೆಯಾದ ಹೆಣ್ಣಿನ ಅಡ್ಡಹೆಸರಷ್ಟೇ ಅಲ್ಲ, ಹೆಸರೇ ಬದಲಾಗುತ್ತದೆ, ಗೆಳೆಯರೇ. ಗುಂಜೋಟಿಯ ಗುರುಬಾಯಿ ಹಾಗೆಯೇ ನನ್ನ ಅಣ್ಣನ ಹೆಂಡತಿ ಪಲ್ಲವಿಯಾದಳು. ನಾನು ಫೋನಿನಲ್ಲಿ ಆ ಅಕ್ಕಿಯ ಚಿತ್ರ ತೆಗೆದುಕೊಂಡೆ.

ಆಗ ನಾನು ಉದಗೀರದ ಕಾಲೇಜಿನಲ್ಲಿ ಡೇಟಾಬೇಸ್ ಕಲಿಯುತ್ತಿದ್ದೆ. ಮಾಹಿತಿಯನ್ನು ಕೋಷ್ಟಕಗಳಾಗಿ ಬಿಡಿಸಿ, ಅವುಗಳ ನಡುವೆ ನಂಟು ಹೆಣೆಯುವ ವಿದ್ಯೆ ಅದು. ಪ್ರತಿ ಸಾಲಿಗೂ ಎಂದೂ ಬದಲಾಗದ ಒಂದು ಗುರುತು, ಅಂದರೆ ಪ್ರೈಮರಿ ಕೀ, ಇರಬೇಕೆಂಬುದೇ ಮೊದಲ ಪಾಠ. ಪರೀಕ್ಷೆಯಲ್ಲಿ ಚೆಂದವಾಗಿಯೇ ಬರೆದೆ. ಆದರೆ ಉಮರ್ಗಾದ ಒಂದು ಸಣ್ಣ ದವಾಖಾನೆಗೆ ಪ್ರಾಜೆಕ್ಟ್ ಮಾಡಿಕೊಡುವಾಗ ರೋಗಿಯ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಈ ಮೂರನ್ನೇ ಸೇರಿಸಿ ಗುರುತು ಮಾಡಿದೆ.

"ರೋಗಿಗೊಂದು ನಂಬರ್ ಯಾಕ್ ಬೇಕವ್ವಾ? ನಮ್ಮ ಮಂದಿ ನಂಬರ್ ನೆನಪಿಡ್ತಾರೇನು?" ಎಂದ ಕಾಲೇಜಿನ ಸರ್ ಪೂರ್ತಿ ಅಂಕ ಕೊಟ್ಟರು. ದವಾಖಾನೆಯ ಹಳೆಯ ಚೀಟಿಗಳನ್ನೆಲ್ಲ ನಾನೇ ಕೂತು ತುಂಬಿದೆ.

ಹೋದ ತಿಂಗಳು ವೈನಿಯ, ಅಂದರೆ ಅತ್ತಿಗೆ ಪಲ್ಲವಿಯ, ಕಾಲಿಗೆ ಕುಡುಗೋಲು ತಾಗಿ ಕೀವಾಯಿತು. ಅದೇ ದವಾಖಾನೆಗೆ ಕರೆದೊಯ್ದೆ.

"ಮೊದಲ ಇಲ್ಲಿ ಬಂದೀರೇನ್ರೀ?" ಸಿಸ್ಟರ್ ಕೇಳಿದಳು.

"ಸಣ್ಣಾಕಿ ಇದ್ದಾಗ ಅಪ್ಪ ಕರ್ಕೊಂಡ್ ಬಂದಿದ್ದರೀ. ಏನಾಗಿತ್ತೋ, ನೆನಪಿಲ್ರೀ," ಎಂದಳು ವೈನಿ.

ಸಿಸ್ಟರ್ ಕಂಪ್ಯೂಟರಿನಲ್ಲಿ ಪಲ್ಲವಿ, ಅಣ್ಣನ ಹೆಸರು, ದಾಳಿಂಬ ಎಂದು ಒತ್ತಿದಳು. ಅರೆಕ್ಷಣದಲ್ಲಿ ಉತ್ತರ ಬಂತು: ಹಿಂದಿನ ದಾಖಲೆ ಇಲ್ಲ.

"ನಿಮ್ಮ ನಾದಿನಿ ಮಾಡಿದ್ದು ಭಾರಿ ಫಾಸ್ಟ್ ಅದ ನೋಡ್ರೀ," ಎಂದು ನಕ್ಕಳು. ನಾನು ಹಿಗ್ಗಿದೆ. ಆ ಹಿಗ್ಗನ್ನು ಇಂದಿಗೂ ನನ್ನ ಕೈಲಿ ಕ್ಷಮಿಸಲಾಗುತ್ತಿಲ್ಲ.

ಸೂಜಿ ಚುಚ್ಚಿದ ಕೆಲವೇ ನಿಮಿಷಕ್ಕೆ ವೈನಿಯ ತುಟಿಗಳು ಬಾತವು, ಗಂಟಲು ಕಟ್ಟಿತು, ನನ್ನ ಮಣಿಕಟ್ಟನ್ನು ಬಳೆ ಒಡೆಯುವಂತೆ ಹಿಡಿದ ಆಕೆಯ ಕೈ ಹಿಡಿದಿದ್ದಂತೆಯೇ ಸಡಿಲವಾಯಿತು. ಡಾಕ್ಟರು ಓಡಿ ಬಂದು ಬೇರೆ ಸೂಜಿ ಕೊಟ್ಟರು. ಉಳಿದಳು. ಆಮ್ಲಜನಕದ ನಳಿಗೆಯಡಿ ಆಕೆ ಮಲಗಿದ್ದಾಗ ನಾನು ಹೋಗಿ ಗುರುಬಾಯಿ, ಗುಂಜೋಟಿ ಎಂದು ಹುಡುಕಿದೆ. ಸಿಕ್ಕಿತು, ಅದೂ ಅರೆಕ್ಷಣದಲ್ಲೇ: ಪೆನಿಸಿಲಿನ್ ಒಗ್ಗುವುದಿಲ್ಲ. ನನ್ನ ಕೈಯಾರೆ ತುಂಬಿದ ಸಾಲು.

"ಹಣೆಬರಹ ಬಿಡವಾ," ಎಂದ ಅಣ್ಣ. ಮೈ ಉರಿಯಿತು. ಹಣೆಯಲ್ಲಿ ಯಾರು ಬರೆದರೋ ಗೊತ್ತಿಲ್ಲ. ಅಕ್ಕಿಯಲ್ಲಿ ಬರೆದವನು ಅವನು, ಕೋಷ್ಟಕದಲ್ಲಿ ಬರೆದವಳು ನಾನು. ಸರ್ ಮೇಲೂ ಸಿಟ್ಟಿದೆ. ಆದರೆ ಹೆಸರು ಬದಲಾಗುವುದನ್ನು ಕಣ್ಣಾರೆ ಕಂಡು, ಚಿತ್ರವನ್ನೂ ತೆಗೆದುಕೊಂಡು, ಹೆಸರನ್ನೇ ಬದಲಾಗದ ಗುರುತೆಂದು ನಂಬಿದವಳು ಇಡೀ ತರಗತಿಯಲ್ಲಿ ನಾನೊಬ್ಬಳೇ.

ಈಗ ಅಲ್ಲಿ ಪ್ರತಿ ರೋಗಿಗೂ ಒಂದು ನಂಬರ್ ಇದೆ. ತವರಿನ ಹೆಸರಿಗೂ ಒಂದು ಕಾಲಂ ಇದೆ. ನಮ್ಮ ಮನೆಯವರದನ್ನು ತುಂಬಲು ಕೂತಾಗ ಅವ್ವನ ಸಾಲಿನಲ್ಲಿ ನನ್ನ ಬೆರಳು ನಿಂತಿತು. ತಾಟಿನಲ್ಲಿ ಕಲ್ಲು ಆರಿಸುತ್ತಿದ್ದ ಅವ್ವನನ್ನು ಕೇಳಿದೆ.

"ಅವ್ವಾ, ನಿನ್ನ ತವರಿನ ಹೆಸರೇನು?"

"ಈಗ ಯಾಕ್ ಬೇಕದು? ಯಾರೂ ಕರೆಯಂಗಿಲ್ಲ."

ಆರಿಸಿದ ಕಲ್ಲನ್ನು ಬದಿಗಿಟ್ಟಳು. ಆಮೇಲೆ ತೋರುಬೆರಳಿನಿಂದ ಅಕ್ಕಿಯಲ್ಲಿ, ಶಾಲೆಯ ಮಗುವಿನಂತೆ ನಿಧಾನವಾಗಿ, ನೀಲಮ್ಮ ಎಂದು ಬರೆದಳು. ಬರೆದವಳೇ ತಾಟನ್ನು ಅಲ್ಲಾಡಿಸಿ ಅಳಿಸಲು ಹೊರಟಳು. ನಾನು ಅಂಚನ್ನು ಎರಡೂ ಕೈಯಿಂದ ಹಿಡಿದುಬಿಟ್ಟೆ.