ಖಾಕಿ ಪ್ಯಾಂಟಿನ ಎರಡು ಚೀಲ

ನಮ್ಮ ಮನೆಯವರು ನಿವೃತ್ತರಾದ ವಾರವೇ ನಾನು ಅವರ ಖಾಕಿ ಪ್ಯಾಂಟಿಗೆ ಕತ್ತರಿ ಹಾಕಿದೆ. ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ ಅವರು ಪಾರ್ಸೆಲ್ ಗುಮಾಸ್ತರಾಗಿದ್ದರು. ಮಂಡಿಯ ಹತ್ತಿರ ಸ್ವಲ್ಪ ಸವೆದದ್ದು ಬಿಟ್ಟರೆ ಬಟ್ಟೆ ಗಟ್ಟಿಮುಟ್ಟಾಗಿತ್ತು. ಒಂದು ಕಾಲಿನಿಂದ ಒಂದು ಚೀಲ, ಇನ್ನೊಂದು ಕಾಲಿನಿಂದ ಇನ್ನೊಂದು ಚೀಲ ಹೊಲಿದೆ.

"ಇನ್ನೂ ಉಸಿರಾಡ್ತಾ ಇದ್ದೀನಿ ಕಣೇ, ಆಗ್ಲೇ ನನ್ನ ಬಟ್ಟೆ ಹಂಚ್ಕೊಳ್ತಿದ್ದೀಯ" ಎಂದರು.

"ನೀವು ಮನೇಲಿ ಪಂಚೆ ಉಟ್ಕೊಂಡೇ ಇರ್ತೀರಲ್ಲ. ಅದು ಪೆಟ್ಟಿಗೇಲಿದ್ದು ಯಾರಿಗೇನು ಲಾಭ?" ಎಂದೆ. ಅವರು ನಕ್ಕರು. ಕೆಲಸ ಬಿಟ್ಟು ಬಂದ ಗಂಡಸರು ಸಿಡುಕುತ್ತಾರೆ ಎಂದು ನೆರೆಹೊರೆಯವರು ನನ್ನನ್ನು ಹೆದರಿಸಿದ್ದರು. ಇವರು ಸಿಡುಕಲಿಲ್ಲ. ಅದನ್ನು ನಾನು ದೇವರ ಕೃಪೆಗಳಲ್ಲಿ ಒಂದಾಗಿ ಎಣಿಸಿಕೊಂಡೆ. ಆದರೆ ನನಗೆ ಸಹಾಯ ಮಾಡಲು ಶುರು ಮಾಡಿದರು. ಅದನ್ನು ಎಲ್ಲಿ ಎಣಿಸಬೇಕೋ ತಿಳಿಯಲಿಲ್ಲ.

ಚೀಲ ಹೊಲಿದದ್ದು ಹಿಡಿ ಅಕ್ಕಿಗಾಗಿ. ನಮ್ಮ ಕ್ರೈಸ್ತ ಸಭೆಯ ಹೆಂಗಸರಲ್ಲಿ ಈ ಪದ್ಧತಿ ಹಿಂದಿನಿಂದ ನಡೆದು ಬಂದಿತ್ತು. ಒಲೆಯ ಮೇಲೆ ಎಸರಿಟ್ಟು ಅಕ್ಕಿ ಅಳೆದ ಮೇಲೆ, ಅದರಲ್ಲೇ ಒಂದು ಹಿಡಿ ತೆಗೆದು, ಯಾರನ್ನಾದರೂ ನೆನೆದು ಪ್ರಾರ್ಥನೆ ಮಾಡಿ ಬೇರೆ ಡಬ್ಬಕ್ಕೆ ಹಾಕಬೇಕು. ತಿಂಗಳಿಗೊಂದು ಭಾನುವಾರ ಅದನ್ನು ದೇವಾಲಯಕ್ಕೆ ಒಯ್ದು ಪೀಠದ ಮುಂದೆ ಹಾಸಿದ ಚಾಪೆಯ ಮೇಲಿಡಬೇಕು. ನಮ್ಮ ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡಿದ ಮೇಲೆ ಅಕ್ಕಿ ಬಡವರ ಮನೆಗಳಿಗೆ ಹೋಗುತ್ತಿತ್ತು. ಆಗೆಲ್ಲ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ಅಕ್ಕಿ ತರಬೇಕಾದ ಕಾಲ. ಒಂದು ವಾರ ದಪ್ಪಕ್ಕಿ, ಇನ್ನೊಂದು ವಾರ ಕೆಂಪಕ್ಕಿ, ಮತ್ತೊಂದು ವಾರ ನುಚ್ಚು. ನನ್ನ ಡಬ್ಬದಲ್ಲಿ ಇವೆಲ್ಲ ಒಂದಾಗಿ ಬೆರೆತಿರುತ್ತಿದ್ದವು.

ಆ ತಿಂಗಳುಗಳಲ್ಲಿ ನಾನು ಹಿಡಿ ಎತ್ತಿದ್ದೆಲ್ಲ ನಮ್ಮ ಮಗಳ ಹೆಸರಿನಲ್ಲಿ. ಇರುವವಳು ಒಬ್ಬಳೇ ಮಗಳು. ಹೆಬ್ಬಾಳಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು, ಅಳಿಯ ಅಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಮಗಳಿಗೆ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎಲ್ಲರ ಮನೆಯ ರೂಢಿ. ಆದರೆ ನಮ್ಮ ಬೀಗಿತ್ತಿ, ಎಂದರೆ ಅಳಿಯನ ತಾಯಿ, ಸೊಸೆಯನ್ನು ಕಳಿಸುವುದಿಲ್ಲ ಎಂದುಬಿಟ್ಟಿದ್ದರು. ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲಿದೆ, ಗೂಡ್ಸ್ ಗಾಡಿಯ ಸದ್ದಿಗೆ ಮಗು ಬೆಚ್ಚುತ್ತದೆ ಎಂಬುದು ಅವರು ಕೊಟ್ಟ ಕಾರಣ.

ನನಗೆ ಅದು ಬರಿಯ ರೂಢಿಯ ಮಾತಾಗಿರಲಿಲ್ಲ. ಈ ಮಗಳು ಹುಟ್ಟುವ ಹೊತ್ತಿಗೆ ನನ್ನ ತಾಯಿ ತೀರಿಹೋಗಿದ್ದರು. ನೋವು ತಿನ್ನುವಾಗ ಹಿಡಿದುಕೊಳ್ಳಲು ನನಗೆ ಸಿಕ್ಕಿದ್ದು ಪಕ್ಕದ ಹಳ್ಳಿಯಿಂದ ಹಾಲು ತರುತ್ತಿದ್ದ ಗೌಡರ ಹೆಂಗಸಿನ ಕೈ. ಆಕೆಯನ್ನು ದೇವರು ಚೆನ್ನಾಗಿಟ್ಟಿರಲಿ. ನನ್ನ ಮಗಳ ಕೈಯನ್ನು ನಾನೇ ಹಿಡಿದುಕೊಳ್ಳಬೇಕೆಂಬ ಆಸೆ ಅವತ್ತಿನಿಂದ ನನ್ನಲ್ಲಿ ಬೆಳೆದಿತ್ತು.

ಒಂದು ಸಲ ಹೋಗಿ ಕೇಳಿ ಬರಿಗೈಯಲ್ಲಿ ಬಂದಿದ್ದೆವು. ಇನ್ನೊಂದು ಸಲ ಕೇಳಬಹುದು. ಅದಕ್ಕೂ ಇಲ್ಲವೆಂದರೆ ಮತ್ತೆ ಬಾಯಿಬಿಡುವ ಹಾಗಿಲ್ಲ, ಹೆಣ್ಣು ಕೊಟ್ಟವರಿಗೂ ಒಂದು ಮರ್ಯಾದೆ ಇದೆ. ಆ ಎರಡನೆಯ ಸಲಕ್ಕೆ ನಾವು ಗೊತ್ತು ಮಾಡಿದ್ದು ಹಿಡಿ ಅಕ್ಕಿ ಒಯ್ಯುವ ಭಾನುವಾರವನ್ನೇ.

ಶನಿವಾರ ಇಡೀ ದಿನ ಕೂತು ಮಗಳ ಬಯಕೆಗೆಂದು ಹುರಿಗಡಲೆ ತಂಬಿಟ್ಟು ಮಾಡಿದೆ, ಎಳ್ಳಿನ ಚಿಗಳಿ ಕುಟ್ಟಿದೆ. ಬೀಗಿತ್ತಿಗೂ ಸಿಹಿ ಎಂದರೆ ಪ್ರಾಣ. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಒಂದು ಖಾಕಿ ಚೀಲಕ್ಕೆ ಹಾಕಿದೆ. ಇನ್ನೊಂದು ಖಾಕಿ ಚೀಲಕ್ಕೆ ಹಿಡಿ ಅಕ್ಕಿ ಸುರಿದೆ.

ಬೆಳಿಗ್ಗೆ ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಇವರು ಎರಡೂ ಚೀಲಗಳ ಬಾಯಿಗೆ ಪಾರ್ಸೆಲ್ ಗಂಟು ಬಿಗಿದಿದ್ದರು. ಸೆಣಬಿನ ದಾರ, ಹಲ್ಲಿಗೂ ಬಗ್ಗದ ಗಂಟು.

"ಯಾಕ್ರೀ ಕಟ್ಟಿದ್ರಿ? ಯಾವುದರಲ್ಲಿ ಏನಿದೆ ಅಂತ ಹೆಂಗೆ ಗೊತ್ತಾಗ್ಬೇಕು?"

"ನಂಗೆ ಗೊತ್ತಿದೆ. ಇನ್ಮೇಲೆ ಚೀಲದ ಜವಾಬ್ದಾರಿ ನಂದು. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಅರಸೀಕೆರೆಗೆ ಹೋಗ್ಬೇಕಾದ ಬುಟ್ಟಿ ತುಮಕೂರಲ್ಲಿ ಇಳಿದಿದ್ದು ಒಂದ್ಸಲ ತೋರ್ಸು ನೋಡೋಣ."

ತೋರಿಸಲು ಆಗುತ್ತಿರಲಿಲ್ಲ. ಆ ವಿಷಯದಲ್ಲಿ ಅವರು ನಿಜ ಹೇಳುತ್ತಿದ್ದರು. ನಾನು ಸತ್ಯವೇದವನ್ನೂ ಕೊಡೆಯನ್ನೂ ಹಿಡಿದುಕೊಂಡೆ, ಅವರು ಎರಡು ಕೈಗೆ ಎರಡು ಚೀಲ ಹಿಡಿದು ಮುಂದೆ ನಡೆದರು.

ದೇವಾಲಯದ ಬಾಗಿಲಲ್ಲಿ ಇವರ ಹಳೆಯ ಸ್ನೇಹಿತರು ನಿಂತಿದ್ದರು. ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವರು, ಇವರಿಗಿಂತ ಒಂದು ವರ್ಷ ಮೊದಲೇ ನಿವೃತ್ತರಾಗಿದ್ದರು. ಇಬ್ಬರೂ ಒಟ್ಟಿಗೆ ಗೀತೆ ಹಾಡುವವರು, ಒಬ್ಬರು ಶ್ರುತಿ ತಪ್ಪಿದರೆ ಇನ್ನೊಬ್ಬರೂ ಹಿಂದೆಯೇ ತಪ್ಪುವವರು.

"ಏನಯ್ಯಾ ಪಾರ್ಸಲ್ಲು, ಸ್ಟೇಷನ್ ಬಿಟ್ರೂ ಮೂಟೆ ಬಿಡ್ಲಿಲ್ವಾ?" ಎಂದು ಅವರು ಕೂಗಿದರು.

"ನೀನು ಸ್ಕೂಲ್ ಬಿಟ್ರೂ ಸೀಟಿ ಬಿಟ್ಟಿದ್ದೀಯಾ? ಮೊಮ್ಮಕ್ಕಳಿಗೆ ಊದ್ತಿದ್ದೀಯಂತಲ್ಲ!"

"ಅವಕ್ಕಲ್ಲ ಕಣಯ್ಯಾ, ನಮ್ಮನೆಯವಳಿಗೆ. ಒಂದ್ಸಲ ಊದಿದ್ರೆ ಕಾಫಿ."

ಅವರ ಹೆಂಡತಿ ನನ್ನ ಕೈ ಹಿಡಿದು, "ಸೀಟೀನ ನೀರಿನ ಹಂಡೇಲಿ ಮುಳುಗಿಸಿಟ್ಟಿದ್ದೀನಿ ಅಕ್ಕ, ಇನ್ನೂ ಹುಡುಕ್ತಾ ಇದ್ದಾರೆ" ಎಂದು ಕಿವಿಯಲ್ಲಿ ಹೇಳಿದರು. ಆಕೆಗೆ ಎಲ್ಲಾ ಗೊತ್ತಿತ್ತು. "ಇವತ್ತು ಹೆಬ್ಬಾಳಕ್ಕಲ್ವಾ? ನಿಮ್ಮನ್ನ ನೆನೆಸ್ಕೊಂಡೇ ಪ್ರಾರ್ಥನೆ ಮಾಡ್ತೀನಿ" ಎಂದರು.

ಕಾಣಿಕೆಯ ಗೀತೆ ಶುರುವಾದಾಗ ನಾನು ಏಳುವ ಮುಂಚೆಯೇ ನಮ್ಮ ಮನೆಯವರು ಗಂಡಸರ ಕಡೆಯಿಂದ ಎದ್ದು, ಒಂದು ಚೀಲ ಹಿಡಿದು, ಗಾಡಿಗೆ ಸಾಮಾನು ಹಾಕುವ ಠೀವಿಯಲ್ಲಿ ನಡೆದು ಹೋಗಿ ಚಾಪೆಯ ಮೇಲಿಟ್ಟರು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಮಾತ್ರ ಸಂತೋಷವೇ ಆಯಿತು. ಇಷ್ಟು ವರ್ಷ ಭಾನುವಾರಗಳಲ್ಲೂ ಡ್ಯೂಟಿ ಎಂದು ಓಡುತ್ತಿದ್ದ ಮನುಷ್ಯ, ಈಗ ನನ್ನ ಅಕ್ಕಿಯನ್ನು ತಾವೇ ದೇವರ ಮುಂದೆ ಇಟ್ಟರಲ್ಲ ಎಂದು ಕಣ್ಣು ಒದ್ದೆಯಾಯಿತು.

ಆರಾಧನೆ ಮುಗಿದೊಡನೆ ಜಟಕಾ ಹತ್ತಿದೆವು. ಮತ್ತೀಕೆರೆ ದಾಟಿದರೆ ಎರಡೂ ಕಡೆ ರಾಗಿ ಹೊಲ, ನಡುನಡುವೆ ಸೀಬೆ ತೋಟ. ಹೆಬ್ಬಾಳದ ಕೆರೆ ದೂರದಿಂದಲೇ ಬೆಳ್ಳಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಇವರು ಬೀಗಿತ್ತಿಯ ಮುಂದೆ ಆಡಬೇಕಾದ ಮಾತನ್ನು ನನ್ನ ಮುಂದೆ ಆಡಿ ನೋಡುತ್ತಿದ್ದರು. ಪ್ರತಿ ಸಲವೂ ಅದು ಮೇಲಧಿಕಾರಿಗೆ ಬರೆದ ಅರ್ಜಿಯ ಹಾಗೆ ಕೇಳಿಸುತ್ತಿತ್ತು.

ಬೀಗಿತ್ತಿ ಚಿಕ್ಕಜಾಲದ ಕಡೆಯ ಒಕ್ಕಲು ಮನೆಯವರು. ಅವರ ತಂದೆಯ ಕಾಲದಲ್ಲೇ ಮನೆಯವರೆಲ್ಲ ಕ್ರೈಸ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಮಗನನ್ನು ಓದಿಸಿದವರು. ಓದು ಬರಹ ಬಾರದು, ಮಾತು ಕಡಿಮೆ, ನೋಟ ಜಾಸ್ತಿ. ಬಾಗಿಲಲ್ಲೇ ನಿಂತು, "ಬರ್ರಿ ಬೀಗ್ರೇ. ಬಾ ಅಕ್ಕ. ಕಾಲ್ ತೊಳ್ಕಳಿ" ಎಂದರು. ಮಗಳು ಒಳಗಿನಿಂದ ಬಂದಳು. ಮುಖ ತುಂಬಿಕೊಂಡಿತ್ತು. ನೋಡಿಕೊಳ್ಳುವುದರಲ್ಲಿ ಬೀಗಿತ್ತಿ ಕೊರತೆ ಮಾಡಿರಲಿಲ್ಲ, ಅದನ್ನು ಹೇಳಲೇಬೇಕು.

ಊಟಕ್ಕೆ ಕೋಳಿ ಸಾರು, ಮುದ್ದೆ. ಊಟ ಮುಗಿದ ಮೇಲೆ ಇವರು ಗಂಟಲು ಸರಿ ಮಾಡಿಕೊಂಡು, ಚೀಲವನ್ನು ಎರಡು ಕೈಯಲ್ಲೂ ಹಿಡಿದು ಬೀಗಿತ್ತಿಯ ಮುಂದೆ ಇಟ್ಟರು. "ನಮ್ಮನೆಯವಳು ಕೈಯಾರೆ ಮಾಡಿದ್ದು. ಸಿಹಿ ತಿಂದು ಸಿಹಿ ಮಾತು ಹೇಳ್ಬೇಕು ನೀವು."

ಗಂಟು ಬಿಚ್ಚಲಿಲ್ಲ. ಬೀಗಿತ್ತಿ ಉಗುರು ಹಾಕಿದರು, ಅಳಿಯ ಹಲ್ಲು ಹಾಕಿದ. "ಒಳ್ಳೆ ಎತ್ತು ಕಟ್ಟಾಕ್ದಂಗೆ ಕಟ್ಟವ್ರಲ್ಲಪ್ಪ" ಎಂದು ಕೊನೆಗೆ ಬೀಗಿತ್ತಿ ಕುಡುಗೋಲು ತರಿಸಿ ದಾರ ಕುಯ್ದು, ತಟ್ಟೆಗೆ ಚೀಲವನ್ನು ಬಗ್ಗಿಸಿದರು.

ಸೊರಸೊರನೆ ಅಕ್ಕಿ ಸುರಿಯಿತು.

ದಪ್ಪಕ್ಕಿ, ಕೆಂಪಕ್ಕಿ, ನುಚ್ಚು, ಮಧ್ಯೆ ನಾಲ್ಕು ರಾಗಿಕಾಳು. ಬಸುರಿ ಮಗಳನ್ನು ಕೇಳಲು ಬಂದವರು ಬೀಗರ ಮನೆಗೆ ಬೆರಕೆ ಅಕ್ಕಿ ತಂದಿದ್ದೇವೆ, ಅದೂ ಸಿಹಿ ಎಂದು ಹೇಳಿ! ನಿಮ್ಮ ಮನೆಯಲ್ಲಿ ನನ್ನ ಮಗಳಿಗೆ ಅನ್ನವಿಲ್ಲ ಎಂದ ಹಾಗಲ್ಲವೇ ಅದು? ಇವರ ಕಡೆ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಅರಸೀಕೆರೆಯ ಬುಟ್ಟಿ ತುಮಕೂರಿನಲ್ಲಿ ಇಳಿದಿತ್ತು.

"ಏನಕ್ಕ ಇದು?" ಎಂದರು ಬೀಗಿತ್ತಿ. ದನಿ ತಣ್ಣಗಿತ್ತು.

ಸುಳ್ಳು ಹೇಳಿ ಜಾರಿಕೊಳ್ಳುವುದು ನನಗೆ ಬರುವುದಿಲ್ಲ. "ತಪ್ಪು ತಿಳ್ಕೋಬೇಡಿ. ಇದು ದೇವರಿಗೆ ಅಂತ ತೆಗೆದಿಟ್ಟ ಹಿಡಿ ಅಕ್ಕಿ. ಚೀಲ ಅದಲುಬದಲಾಗಿದೆ. ನಿಮಗೆ ಅಂತ ಮಾಡಿದ ತಂಬಿಟ್ಟು ಚಿಗಳಿ ಎಲ್ಲ ಅಲ್ಲಿ ಪೀಠದ ಮುಂದೆ ಕೂತಿದೆ" ಎಂದೆ.

ಅಳಿಯ ನಗಬಾರದೆಂದು ಹಿತ್ತಿಲಿಗೆ ಎದ್ದು ಹೋದ. ಬೀಗಿತ್ತಿ ನಗಲಿಲ್ಲ. ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿದರು.

"ನಮ್ಮವ್ವನೂ ಇಂಗೇ ಹಿಡಿ ಎತ್ತೋಳು" ಎಂದರು. ಆಮೇಲೆ, "ಯಾರ್ ಎಸರಲ್ಲಿ ಎತ್ತಿದ್ದು?"

"ನಿಮ್ಮ ಸೊಸೆ ಹೆಸರಲ್ಲಿ. ವಿಷಯ ಗೊತ್ತಾದ ಮೇಲೆ ಇನ್ನೊಂದು ಪುಟ್ಟ ಹಿಡಿ, ಒಳಗಿರೋದಕ್ಕೆ" ಎಂದೆ.

ಮಗಳು ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಬೀಗಿತ್ತಿ ಬಹಳ ಹೊತ್ತು ಅಕ್ಕಿಯಲ್ಲೇ ಬೆರಳಾಡಿಸುತ್ತಿದ್ದರು. ಕೊನೆಗೆ ಒಂದೊಂದೇ ಕಾಳನ್ನೂ ಬಿಡದೆ ಚೀಲಕ್ಕೆ ತುಂಬತೊಡಗಿದರು.

"ದೇವ್ರ ಅಕ್ಕಿ ನಮ್ಮನೇಲಿ ಬೇಯಿಸೋ ಅಂಗಿಲ್ಲ" ಎಂದರು.

"ನಾವೇ ವಾಪಸ್ ತಗೊಂಡ್ಹೋಗಿ ಇಡ್ತೀವಿ" ಎಂದು ಇವರು ಕೈ ಚಾಚಿದರು.

ಬೀಗಿತ್ತಿ ಚೀಲ ಹಿಂದಕ್ಕೆ ಎಳೆದುಕೊಂಡರು. "ನಿಮ್ ಕೈಗಾ? ಸರಿ ಓಯ್ತು ಬಿಡಿ! ಇದು ಯಲಹಂಕದಾಗೆ ಇಳೀತದೆ." ಆಮೇಲೆ ನನ್ನ ಕಡೆ ತಿರುಗಿ, "ನಮ್ ಕಡೆ ಪದ್ಧತಿ ಏನ್ ಗೊತ್ತಾ ಅಕ್ಕ? ಯಾರ್ ಎಸರಲ್ಲಿ ಹಿಡಿ ಎತ್ತಿರ್ತಾರೋ ಅವ್ರೇ ಓಗಿ ಚಾಪೆ ಮ್ಯಾಲೆ ಇಡ್ಬೇಕು. ಬ್ಯಾರೆಯೋರು ಇಡಂಗಿಲ್ಲ. ಬರೋ ಭಾನುವಾರ ಇವಳೇ ತತ್ತಾಳೆ."

"ನಮ್ಮ ದೇವಾಲಯಕ್ಕಾ?"

"ಮತ್ತೆ? ಹಿಡಿ ಎತ್ತಿದ್ದು ಅಲ್ಲಿಗಲ್ವಾ? ಬಂದೋಳನ್ನ ಅಂಗೇ ಕಳಿಸ್ಬೇಡ, ಬಾಣಂತನ ಮುಗಿಸ್ಕೊಂಡು ಕಳ್ಸು" ಎಂದರು. ಏನೋ ಸಾಮಾನ್ಯ ಮಾತು ಎಂಬಂತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನಾನೂ ಹಿಂದೆಯೇ ಹೋದೆ. ಅಡಿಗೆಮನೆಯಲ್ಲಿ ಅವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. "ದಿನಾ ಸಂಜೆ ಅವಳೇ ನಂಗೆ ಸತ್ಯವೇದ ಓದಿ ಹೇಳೋದು. ಇನ್ನು ಯಾರ್ ಓದ್ತಾರೆ? ಅವನಿಗೆ ದನ ಬಿಟ್ರೆ ಬ್ಯಾರೆ ಗ್ಯಾನ ಇಲ್ಲ" ಎಂದರು. ರೈಲಿನ ಸದ್ದು ಬರಿಯ ನೆಪವೆಂದು ನನಗೆ ಆಗ ಅರ್ಥವಾಯಿತು.

"ನೀವೂ ಬನ್ನಿ, ನಮ್ಮನೇಲಿ ಜಾಗಕ್ಕೇನು ಕಮ್ಮಿ?" ಎಂದೆ. ಅವರು ತಟ್ಟೆ ತೊಳೆಯತೊಡಗಿದರು.

ಜಟಕಾದಲ್ಲಿ ಹಿಂದಕ್ಕೆ ಬರುವಾಗ, ಕೆರೆ ದಾಟಿದ ಮೇಲೆ ಇವರೇ, "ನೋಡಿದ್ಯಾ, ಪಾರ್ಸಲ್ಲು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗಿದೆ" ಎಂದರು. ಕೊಡೆಯಿಂದ ಮೆಲ್ಲಗೆ ತಿವಿದೆ.

ಸಂಜೆ ಮೇಷ್ಟರೂ ಅವರ ಹೆಂಡತಿಯೂ ಮನೆಗೆ ಬಂದರು. ಮೇಷ್ಟರ ಕೈಯಲ್ಲಿ ನಮ್ಮ ಖಾಕಿ ಚೀಲವಿತ್ತು, ಖಾಲಿ. "ತಾಯೀ, ನಿಮ್ಮ ಅಕ್ಕಿ ಬಹಳ ರುಚಿಯಾಗಿತ್ತು! ಅಯ್ಯನವರು ಪ್ರಾರ್ಥನೆ ಮಾಡಿ ಚೀಲ ಬಿಚ್ಚಿಸಿದ್ರೆ ತಂಬಿಟ್ಟು! ಭಾನುವಾರದ ಶಾಲೆ ಮಕ್ಕಳಿಗೆ ಹಂಚಿಬಿಟ್ರು."

"ನೀನೆಷ್ಟು ತಿಂದೆ ಹೇಳು ಮೊದ್ಲು" ಎಂದರು ಇವರು.

"ಮಕ್ಕಳು ಸಾಲಾಗಿ ನಿಲ್ಲೋ ಹಂಗೆ ನೋಡ್ಕೊಂಡೆನಪ್ಪ. ಕೂಲಿ ಬೇಡ್ವಾ?"

ಅವರ ಹೆಂಡತಿ ನನ್ನ ಮುಖ ನೋಡಿದರು. ಮಗಳು ಬರುತ್ತಾಳೆ ಎಂದು ತಲೆಯಾಡಿಸಿದೆ. ಆಕೆ ಕೈ ಮುಗಿದು ಕಣ್ಣು ಮುಚ್ಚಿದರು. ಅವತ್ತಿನ ಕೃಪೆಗಳನ್ನು ಎಣಿಸಲು ಕೂತರೆ ಎಲ್ಲಿಂದ ಶುರು ಮಾಡುವುದೆಂದೇ ತೋಚಲಿಲ್ಲ.

ಮುಂದಿನ ಭಾನುವಾರ ಮಗಳು ಚೀಲ ಹಿಡಿದು ಬಂದು ಚಾಪೆಯ ಮೇಲಿಟ್ಟಳು. ಅವಳ ಹಿಂದೆಯೇ ಬೀಗಿತ್ತಿ ಒಂದು ಟ್ರಂಕಿನೊಂದಿಗೆ ಬಂದರು. ಬಂದವರು ಮಗುವಿನ ದೀಕ್ಷಾಸ್ನಾನ ಮುಗಿಯುವವರೆಗೂ ನಮ್ಮಲ್ಲೇ ಇದ್ದರು. ಹೆರಿಗೆಯ ದಿನ ಮಗಳ ಒಂದು ಕೈ ನಾನು ಹಿಡಿದಿದ್ದೆ, ಇನ್ನೊಂದು ಕೈ ಅವರು. ಹುಟ್ಟಿದ ಮೊಮ್ಮಗಳು ಗೂಡ್ಸ್ ಗಾಡಿ ಹೋಗದಿದ್ದರೆ ಮಲಗುತ್ತಲೇ ಇರಲಿಲ್ಲ.

ಬೀಗಿತ್ತಿಯ ಊರಿನ ಆ ಪದ್ಧತಿಯ ವಿಷಯ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಚಿಕ್ಕಜಾಲದ ಕಡೆಯವರು ಯಾರು ಸಿಕ್ಕಿದರೂ ಕೇಳುತ್ತಿದ್ದೆ. ಅಂಥದ್ದನ್ನು ಯಾರೂ ಕೇಳಿದವರಿಲ್ಲ. ಮೊಮ್ಮಗಳು ನಡೆದಾಡುವ ಹೊತ್ತಿಗೆ ಒಂದು ಭಾನುವಾರ ಬೀಗಿತ್ತಿಯನ್ನೇ ಕೇಳಿಬಿಟ್ಟೆ.

"ನಿಜ ಹೇಳಿ, ಅಂಥ ಪದ್ಧತಿ ಇತ್ತಾ?"

"ಇತ್ತೋ ಇಲ್ವೋ, ಅಕ್ಕಿ ಚಾಪೆ ಮ್ಯಾಲೆ ಬಂತಲ್ಲ" ಎಂದರು. "ಆ ತಂಬಿಟ್ಟು ಮಾತ್ರ ನನ್ ಕೈಗೆ ಇವತ್ತಿಗೂ ಬಂದಿಲ್ಲ, ಅದನ್ನ ಕೇಳು."

ನಾನು ಎದ್ದು ಹುರಿಗಡಲೆ ಡಬ್ಬ ಇಳಿಸಿದೆ.