ಕಾರಿನ ನೆತ್ತಿಗೆ ತೂತು

ಕಾರಿನ ಟಾಪಿಗೆ ತೂತು ಕೊರೆಸುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರೋ ಸತ್ತ ಸುದ್ದಿ ಬಂದ ಹಾಗಾಯಿತು. ಕಾರು ನನ್ನದು. ನನ್ನ ಪಗಾರದಲ್ಲಿ, ನನ್ನ ಹೆಸರಿನಲ್ಲಿ ತೆಗೆದುಕೊಂಡದ್ದು. ಗೋಕಾಕದ ಮನೆಯಿಂದ ದಿನಾ ಅಂಕಲಗಿ ದಾಟಿ ಯಮಕನಮರಡಿ ಕಡೆಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಅದರಲ್ಲೇ ಹೋಗುತ್ತೇನೆ. ಆದರೂ ತೂತಿನ ಮಾತು ಬಂದೊಡನೆ ಎಲ್ಲರ ಕಣ್ಣು ಹೋದದ್ದು ನನ್ನ ಗಂಡನ ಅಣ್ಣನ ಕಡೆಗೆ.

ಭಾವ ನನ್ನನ್ನು ನೋಡಲಿಲ್ಲ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯೊಡನೆ ಅಣ್ಣ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಅವರು ನನ್ನ ಗಂಡನಿಗೆ ಹೇಳುತ್ತಾರೆ, ಅವನು ಅದನ್ನೇ ನನಗೆ ತಿರುಗಿ ಹೇಳುತ್ತಾನೆ, ನಾನು ಅಲ್ಲೇ ಎರಡು ಮೊಳ ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ನಿಂತಿರುತ್ತೇನೆ.

"ಹೇಳಪಾ ಆಕಿಗಿ, ತೂತ ಬಿದ್ದ ಗಾಡಿ ನಾಳೆ ಯಾರ ತಗೋತಾರು?" ಅಂದರು.

"ತೂತ ಬಿದ್ದ ಗಾಡಿ..." ಎಂದು ನನ್ನ ಗಂಡ ಶುರುಮಾಡಿದ.

"ಕೇಳೇತಿ ನನಗ," ಅಂದೆ.

ತೂತು ಬೇಕಾದದ್ದು ಆಂಟೆನಾಕ್ಕೆ. ನನಗೆ ಹ್ಯಾಮ್ ರೇಡಿಯೊ ಲೈಸೆನ್ಸ್ ಇದೆ. ಪರೀಕ್ಷೆ ಪಾಸಾದವರು ಮೊಬೈಲ್ ಟವರಿನ ಹಂಗಿಲ್ಲದೆ ತಮ್ಮ ಸೆಟ್ಟಿನಿಂದಲೇ ಒಬ್ಬರಿಗೊಬ್ಬರು ಮಾತಾಡಬಹುದು. ಘಟಪ್ರಭೆಗೆ ಮಹಾಪೂರ ಬಂದು ಫೋನುಗಳೆಲ್ಲ ಬಂದ್ ಆದಾಗ, ಮೂಡಲಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬ ಕಾಕಾ ಅಲ್ಲಿಂದ, ನಾನು ಗೋಕಾಕದಿಂದ, ಯಾವ ರಸ್ತೆ ಮುಳುಗಿದೆ, ಯಾರ ಮನೆಯವರು ಎಲ್ಲಿ ಸೇರಿದ್ದಾರೆ ಎಂದು ಸುದ್ದಿ ಮುಟ್ಟಿಸಿದ್ದೆವು. ಅಂದೇ ನಿಶ್ಚಯಿಸಿದೆ, ಸೆಟ್ಟು ಮನೆಯ ಕಪಾಟಿನಲ್ಲಲ್ಲ, ಕಾರಿನಲ್ಲಿರಬೇಕು.

ತೂತಿಲ್ಲದೆ ಆಗುತ್ತದೆಯೇ ಎಂದು ನಾನು ನೋಡದೇ ಇರಲಿಲ್ಲ. ಮೊದಲು ಅಯಸ್ಕಾಂತದ ಬುಡವಿರುವ ಆಂಟೆನಾ ತಂದೆ. ಟಾಪಿಗೆ ಇಟ್ಟರೆ ಕಚ್ಚಿಕೊಂಡು ಕೂಡುತ್ತದೆ, ಬೇಡವೆಂದರೆ ಕಿತ್ತಿಡಬಹುದು. ವೈರು ಸಾಲದೆ ಡ್ರೈವರ್ ಬಾಜೂಕ್ಕೇ ಇಟ್ಟಿದ್ದೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆ ಗೊತ್ತಲ್ಲ, ಎದುರು ಬರುವ ಟ್ರೇಲರಿನಿಂದ ಕಬ್ಬು ಅರ್ಧ ರಸ್ತೆಗೆ ಚಾಚಿಕೊಂಡಿರುತ್ತದೆ. ಅಂಕಲಗಿ ದಾಟಿದ ಮೇಲೆ ಒಂದು ಟ್ರೇಲರು ಆಂಟೆನಾವನ್ನು ಗುಡಿಸಿಕೊಂಡೇ ಹೋಯಿತು. ಟಾಪಿನ ಮೇಲೆ ಉದ್ದಕ್ಕೆ ಒಂದು ಗೀರು ಉಳಿಯಿತು. ಮನೆಗೆ ಬಂದರೆ ನನಗೇನಾದರೂ ಆಯಿತೇ ಎಂದು ಯಾರೂ ಕೇಳಲಿಲ್ಲ, ಭಾವ ಗೀರಿನ ಮೇಲೆ ಬೆರಳಾಡಿಸುತ್ತ ನಿಂತರು.

ಆಮೇಲೆ ಇನ್ನೊಂದು ಆಂಟೆನಾ ತಂದು ಡಿಕ್ಕಿಯ ಬಾಗಿಲಂಚಿಗೆ ತಿರುಪು ಹಾಕಿ ಕೂರಿಸಿದೆ. ಸಂಜೆ ಮನೆ ಕಡೆ ಬರುವಾಗ ಮೂಡಲಗಿಯ ಕಾಕಾಗೆ ನನ್ನ ದನಿ ಗಂಟೆಯ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಹೋಗುವಾಗ ಮಾತ್ರ ರಗಳೆ.

"ತಂಗೀ, ನೀ ಈ ಕಡೆ ಬೆನ್ನ ಮಾಡಿದ್ರ ಅರ್ಧಾ ಮಾತ ಹೊಳ್ಯಾಗ ಹೊಕ್ಕಾವ," ಎಂದರು ಕಾಕಾ. "ಟಾಪಿನ ನಡುವ ಕೂಡ್ರಸು. ಸುತ್ತೂ ತಗಡ ಸಮ ಇದ್ರ ಮಾತೂ ಸುತ್ತೂ ಸಮ ಹೋಗತಾವ."

ಅದು ನನಗೂ ಗೊತ್ತಿತ್ತು. ಮನೆಯವರ ಮುಖ ನೋಡಿ ತಡೆದಿದ್ದೆ, ಅಷ್ಟೆ. ಈಗ ಬಾಯಿ ಬಿಟ್ಟೆ, ಭಾವ ಏನಂದರೆಂದು ಮೊದಲೇ ಹೇಳಿದೆನಲ್ಲ.

ಅದೇ ವಾರ ಇನ್ನೊಂದು ಸಂಗತಿ ಕಿವಿಗೆ ಬಿತ್ತು. ಭಾವನಿಗೆ ಮನೆಮಂದಿಯೆಲ್ಲ ಕೂಡುವಂಥ ದೊಡ್ಡ ಗಾಡಿ ಬೇಕಿತ್ತಂತೆ. ಅದಕ್ಕೆ ನನ್ನ ಕಾರು ಮಾರುವುದೆಂದು ಹುಕ್ಕೇರಿಯ ಗಿರಾಕಿಯೊಬ್ಬನಿಗೆ ಮಾತು ಕೊಟ್ಟಾಗಿತ್ತು. ನನ್ನ ಗಂಡನಿಗೆ ಗೊತ್ತಿತ್ತು. ನನಗೆ ಹೇಳುವುದೊಂದು ಬಾಕಿ ಇತ್ತು.

ಸಿಟ್ಟು ನೆತ್ತಿಗೇರಿತು. ತವರಿನಲ್ಲಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದಾಗ, "ನಾಳಿ ನೋಡಾಕ ಬಂದವರಿಗಿ ಏನ್ ಹೇಳೂದು" ಎಂದು ಅವ್ವ ಸೈಕಲ್ಲನ್ನೇ ಮುಚ್ಚಿಟ್ಟಿದ್ದಳು. ಇನ್ನೊಬ್ಬರ ಮನೆಗೆ ಹೋಗುವ ಸಾಮಾನಿನಂತೆ ಗೀರು ಬೀಳದ ಹಾಗೆ ನನ್ನನ್ನು ಬೆಳೆಸಿದರು. ಈಗ ನನ್ನ ಕಾರಿಗೂ ಅದೇ ನ್ಯಾಯ. ಸಾಕಿನ್ನು ಅನಿಸಿತು.

ಮರುದಿನ ಶಾಲೆಗೆ ರಜೆ ಹಾಕಿ ಗೋಕಾಕದ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಡ್ರಿಲ್ಲು ಕೈಯಲ್ಲಿ ಹಿಡಿದು ತಲೆ ತುರಿಸಿಕೊಂಡ.

"ಅಕ್ಕಾರ, ಸಾಹೇಬ್ರನ್ನ ಒಂದ ಮಾತ ಕೇಳಿದ್ರ ಚಲೋ ಆಕ್ಕಿತ್ರಿ."

"ಯಾರ ಗಾಡಿ ಐತಿ, ಅವರನ್ನ ಕೇಳೇನ್ರಿ. ಹ್ಞೂಂ ಅಂದಾರ."

ಅವನು ನಕ್ಕ, ಆದರೆ ಕೈ ಎತ್ತಲಿಲ್ಲ. ಡ್ರಿಲ್ಲು ನಾನೇ ಇಸಿದುಕೊಂಡೆ. ಸ್ಟೂಲಿನ ಮೇಲೆ ನಿಂತು, ಅಳೆದು ನಡುವೆ ಗುರುತು ಮಾಡಿ ಒತ್ತಿದೆ. ತಗಡಿನ ಸುರುಳಿ ಚೂರುಗಳು ಎದ್ದು ಬಂದವು, ಬಣ್ಣ ಸುಟ್ಟ ವಾಸನೆ ಬಂತು, ಡ್ರಿಲ್ಲು ಆಚೆ ತೂರಿತು. ಎಷ್ಟೋ ವರ್ಷಗಳಿಂದ ಅಷ್ಟು ಖುಷಿಯಾಗಿರಲಿಲ್ಲ. ನೀರು ಸೋರದಂತೆ ರಬ್ಬರು ಹಾಕಿ ಬಿಗಿಯುವ ಕೆಲಸ ಮೇಸ್ತ್ರಿಯೇ ಮಾಡಿಕೊಟ್ಟ.

ಭಾನುವಾರ ಹುಕ್ಕೇರಿಯ ಗಿರಾಕಿ ಬಂದ. ಟೈರು ಒದ್ದು ನೋಡಿದ, ಬಾನೆಟ್ ಎತ್ತಿಸಿದ, ಕೊನೆಗೆ ಆಂಟೆನಾ ಕಡೆ ಕೈ ಮಾಡಿದ.

"ಇದನ್ನ ತಗದ್ರ ಬುಡಕ ಏನೈತ್ರಿ?"

"ತೂತ ಐತ್ರಿ," ಅಂದೆ.

ಅವನು ಚಹಾ ಕುಡಿದು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದ. ಹಾಗೆ ಹೋದವರು ಹೊಳ್ಳಿ ಬರುವುದಿಲ್ಲವೆಂದು ನಮಗೆಲ್ಲ ಗೊತ್ತು. ಭಾವನ ಮುಖ ಕೆಂಪೇರಿತು.

"ಹೇಳಪಾ ನಿನ್ನ ಹೇಣ್ತಿಗಿ," ಎಂದರು ತಮ್ಮನಿಗೆ. "ಇನ್ನ ಈ ಗಾಡಿ ಯಾರೂ ಮುಟ್ಟಂಗಿಲ್ಲ."

ನನ್ನ ಗಂಡ ನನ್ನ ಕಡೆ ತಿರುಗಿ ಬಾಯಿ ತೆರೆದ. ನಾನು ಅವನನ್ನು ದಾಟಿ ಮುಂದೆ ಬಂದು ಭಾವನ ಎದುರಿಗೇ ನಿಂತೆ.

"ಭಾವಾರ, ಯಾರೂ ಮುಟ್ಟಬಾರ್ದಂತನ ಕೊರದೇನ್ರಿ."